ಕಲಬುರಗಿ ಬಿಸಿಲಲ್ಲಿ ಹಳೆಯ 520ಡಿ: ಎಲ್ಲೆಲ್ಲಿ ಕೆಡುತ್ತದೆ, ಎಷ್ಟು ಖರ್ಚು

ಹೊಸ ಕ್ರೆಟಾಕ್ಕೆ ಕೊಡುವ ದುಡ್ಡಿಗೆ ಹತ್ತು-ಹನ್ನೆರಡು ವರ್ಷ ಹಳೆಯ ಬಿಎಂಡಬ್ಲ್ಯು 520ಡಿ ಬರುತ್ತದೆ. ಕಾರಿನ ಬೆಲೆ ಇಳಿದಿದೆ, ಬಿಡಿಭಾಗಗಳ ಬೆಲೆ ಇಳಿದಿಲ್ಲ ಎಂಬುದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ನನ್ನದು ಎಫ್10 ಮಾದರಿ: 1,995 ಸಿಸಿಯ ಎನ್47 ಡೀಸೆಲ್ ಇಂಜಿನ್, 184 ಎಚ್‌ಪಿ, ಜೆಡ್‌ಎಫ್ ಕಂಪನಿಯ ಎಂಟು ಗೇರಿನ ಆಟೊಮ್ಯಾಟಿಕ್. ಇಲ್ಲಿರುವ ಮೊತ್ತಗಳು ಹೊರಗಿನ ಗ್ಯಾರೇಜಿನಲ್ಲಿ, ಒಳ್ಳೆಯ ಕಂಪನಿಯ ಸಾಮಾನು ತಂದುಕೊಟ್ಟು ಮಾಡಿಸಿದರೆ ಆಗುವ ಅಂದಾಜು. ಅಧಿಕೃತ ಸರ್ವಿಸ್ ಸೆಂಟರಿಗೆ ಹೋದರೆ ಇನ್ನೂ ಜಾಸ್ತಿ.

ಕೊಳ್ಳುವಾಗ ನಾನು ಮೊದಲು ಕೇಳುವುದು ಟೈಮಿಂಗ್ ಚೈನಿನ (ವಾಲ್ವ್‌ಗಳನ್ನು ಪಿಸ್ಟನ್ ಜೊತೆ ತಾಳ ತಪ್ಪದಂತೆ ಓಡಿಸುವ ಸರಪಳಿ) ಸದ್ದು. ಈ ಇಂಜಿನಿನಲ್ಲಿ ಚೈನ್ ಇರುವುದು ಹಿಂಭಾಗದಲ್ಲಿ, ಗೇರ್‌ಬಾಕ್ಸ್ ಕಡೆಗೆ. ಆದ್ದರಿಂದ ಮುಂದೆ ನಿಂತು ಕೇಳಿದರೆ ಏನೂ ಗೊತ್ತಾಗುವುದಿಲ್ಲ. ರಾತ್ರಿಯಿಡೀ ನಿಂತ ಕಾರನ್ನು ಬೆಳಿಗ್ಗೆ ಮಾರುವವರು ಶುರು ಮಾಡುವ ಮೊದಲೇ ಹೋಗಿ, ಬಾನೆಟ್ ಮುಟ್ಟಿ ತಣ್ಣಗಿದೆಯೇ ನೋಡಿ, ಆಮೇಲೆ ಸ್ಟಾರ್ಟ್ ಮಾಡಿಸಬೇಕು. ಮುಂದಿನ ಗಾಜಿನ ಕಡೆಯಿಂದ ಕಬ್ಬಿಣ ಉಜ್ಜಿದಂಥ ಕರಕರ ಸದ್ದು ಬಂದು, 1,500ರಿಂದ 2,000 ಆರ್‌ಪಿಎಂನಲ್ಲಿ ಇನ್ನಷ್ಟು ಸ್ಪಷ್ಟವಾದರೆ ಆ ಕಾರು ಬೇಡ. ಚೈನ್, ಗೈಡ್, ಟೆನ್ಷನರ್ ಸೆಟ್ಟಿನ ಬೆಲೆ ದೊಡ್ಡದಲ್ಲ; ಅದನ್ನು ಮುಟ್ಟಲು ಗೇರ್‌ಬಾಕ್ಸ್ ಇಲ್ಲವೇ ಇಂಜಿನ್ ಇಳಿಸಬೇಕಾದ್ದರಿಂದ ಖರ್ಚು ಒಂದೂವರೆ-ಎರಡು ಲಕ್ಷ ದಾಟುತ್ತದೆ. ಚೈನ್ ಕಡಿದರೆ ವಾಲ್ವ್‌ಗಳಿಗೆ ಪಿಸ್ಟನ್ ಬಡಿದು ಇಂಜಿನ್ನೇ ಹೋಗುತ್ತದೆ. 2011ರ ಮೊದಲಿನ ಇಂಜಿನುಗಳಲ್ಲಿ ಈ ತೊಂದರೆ ಹೆಚ್ಚು.

ದೆಹಲಿಯಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ಕಾರಿಗೆ ನಿರ್ಬಂಧದ ಭಯ ಇರುವುದರಿಂದ ಅಲ್ಲಿಯ ಕಾರುಗಳು ಅಗ್ಗವಾಗಿ ಕಾಣುತ್ತವೆ, ಹೈದರಾಬಾದಿನವೂ ಕೈಗೆ ಹತ್ತಿರ. ಆದರೆ ಫಾರ್ಮ್ 28ರಲ್ಲಿ ಎನ್‌ಒಸಿ (ಅಲ್ಲಿಯ ಆರ್‌ಟಿಒದ ನಿರಾಕ್ಷೇಪಣಾ ಪತ್ರ) ತಂದು, ಇಲ್ಲಿ ಕೆಎ-32 ನಂಬರ್ ಮಾಡಿಸುವಾಗ ಕರ್ನಾಟಕದ ಜೀವಾವಧಿ ತೆರಿಗೆ ಮತ್ತೆ ಕಟ್ಟಬೇಕು. ಕಾರಿನ ವಯಸ್ಸಿಗೆ ತಕ್ಕಂತೆ ಅದು ಕಡಿಮೆಯಾದರೂ, ಮೂಲ ಬೆಲೆ ದೊಡ್ಡದಿದ್ದ ಕಾರಿಗೆ ಆ ಮೊತ್ತವೂ ದೊಡ್ಡದೇ. ಆರ್‌ಟಿಒದಲ್ಲಿ ಲೆಕ್ಕ ಹಾಕಿಸಿಕೊಳ್ಳದೆ ಮುಂಗಡ ಕೊಡಬೇಡಿ.

ಈಗ ಗೇರ್‌ಬಾಕ್ಸ್. "ಲೈಫ್‌ಟೈಮ್ ಎಣ್ಣಿ ಅದರೀ, ಬದಲ್ ಮಾಡೂದಿಲ್ಲ" ಎಂದು ಹೇಳುವ ಮಿಸ್ತ್ರಿಗಳು ಊರಿಗೆ ಹತ್ತು ಮಂದಿ. ಗೇರ್‌ಬಾಕ್ಸ್ ಮಾಡಿದ ಜೆಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿಲೋಮೀಟರಿಗೆ, ಇಲ್ಲವೇ ಎಂಟು ವರ್ಷಕ್ಕೆ ಆಯಿಲ್ ಬದಲಿಸಿ ಎನ್ನುತ್ತದೆ. ನಮ್ಮ ಬಿಸಿಲಿಗೆ ನಾನು ಎಂಬತ್ತು ಸಾವಿರವನ್ನೇ ಹಿಡಿಯುತ್ತೇನೆ. ಇದರ ಫಿಲ್ಟರ್ ಗೇರ್‌ಬಾಕ್ಸ್ ತಳದ ಪ್ಲಾಸ್ಟಿಕ್ ಪ್ಯಾನಿನೊಳಗೇ (ಆಯಿಲ್ ನಿಲ್ಲುವ ತಟ್ಟೆ) ಇರುವುದರಿಂದ ಪ್ಯಾನ್ ಸಮೇತ ಬದಲಿಸಬೇಕು. ಬೇಕಾದದ್ದು ಹೊಸ ಪ್ಯಾನ್, ಹೊಸ ಬೋಲ್ಟುಗಳು, ಏಳು ಲೀಟರ್ ಲೈಫ್‌ಗಾರ್ಡ್ 8 ಆಯಿಲ್, ಜೊತೆಗೆ ವೈರಿಂಗ್ ಸಾಕೆಟ್ಟಿನ ಸೀಲಿಂಗ್ ಸ್ಲೀವ್. ಆ ಸ್ಲೀವ್ ಗಟ್ಟಿಯಾದರೆ ಅಲ್ಲಿಂದಲೇ ಆಯಿಲ್ ಜಿನುಗುತ್ತದೆ.

ಮೊದಲು ತುಂಬುವ ಪ್ಲಗ್ ಬಿಚ್ಚಬೇಕು, ಆಮೇಲೆ ಇಳಿಸುವ ಪ್ಲಗ್. ತುಂಬುವ ಪ್ಲಗ್ ಹಿಡಿದುಕೊಂಡಿದ್ದು ಆಯಿಲ್ ಇಳಿದುಹೋದರೆ ಕಾರು ರ‍್ಯಾಂಪಿನ ಮೇಲೇ ಉಳಿಯುತ್ತದೆ. ಇಳಿಯುವುದು ಐದಾರು ಲೀಟರ್ ಮಾತ್ರ, ಉಳಿದದ್ದು ಇಂಜಿನ್ ಮತ್ತು ಗೇರ್‌ಬಾಕ್ಸ್ ಕೂಡಿಸುವ ಟಾರ್ಕ್ ಕನ್ವರ್ಟರಿನಲ್ಲಿ ಇರುತ್ತದೆ. ಪ್ಯಾನಿನ ಅಯಸ್ಕಾಂತದ ಮೇಲಿನ ಬೂದು ಬಣ್ಣದ ನುಣುಪು ಕೆಸರು ಸಹಜ; ಬೆರಳಿಗೆ ಚುಚ್ಚುವ ಚೂರುಗಳು ಸಿಕ್ಕರೆ ಒಳಗೆ ಏನೋ ಸವೆದಿದೆ. ಹೊಸ ಪ್ಯಾನಿನ ಬೋಲ್ಟುಗಳನ್ನು ಎದುರುಬದುರಾಗಿ, 10 ನ್ಯೂಟನ್ ಮೀಟರಿಗೆ ಬಿಗಿಯಬೇಕು. ಜೋರು ಹಾಕಿದರೆ ಪ್ಲಾಸ್ಟಿಕ್ ಬಿರುಕು ಬಿಡುತ್ತದೆ.

ಎಲ್ಲರೂ ಎಡವುವುದು ಮಟ್ಟ ನೋಡುವ ಹಂತದಲ್ಲಿ. ಪ್ಲಗ್‌ನಿಂದ ಹೊರಚೆಲ್ಲುವವರೆಗೆ ತುಂಬಿ, ಇಂಜಿನ್ ಶುರು ಮಾಡಿ, ಮತ್ತೆ ಚೆಲ್ಲುವವರೆಗೆ ತುಂಬಿ, ಬ್ರೇಕ್ ಒತ್ತಿಕೊಂಡು ಎಲ್ಲ ಗೇರುಗಳಿಗೂ ಹಾಕಿ ತೆಗೆದು, ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರಿನಲ್ಲಿ ಆಯಿಲಿನ ಉಷ್ಣತೆ 30ರಿಂದ 50 ಡಿಗ್ರಿ ಒಳಗಿದ್ದಾಗ ಕೊನೆಯ ಸಲ ಮಟ್ಟ ನೋಡಬೇಕು. ಆಯಿಲ್ ಕಾದಷ್ಟೂ ಹಿಗ್ಗುತ್ತದೆ. ಮೇ ತಿಂಗಳಲ್ಲಿ ಗಾಳಿಯೇ 43 ಡಿಗ್ರಿ ಇರುವಾಗ ಮಧ್ಯಾಹ್ನ ಈ ಕೆಲಸ ಹಚ್ಚಿದರೆ ಹೆಚ್ಚಾಗಿ ಚೆಲ್ಲಿ, ಮಟ್ಟ ಕಡಿಮೆ ಉಳಿದುಬಿಡುತ್ತದೆ. ಕಾರನ್ನು ಹಿಂದಿನ ಸಂಜೆಯೇ ಗ್ಯಾರೇಜಿನಲ್ಲಿ ಬಿಟ್ಟು, ಬೆಳಿಗ್ಗೆ ಆರೂವರೆಗೆ ಶುರು ಮಾಡಿಸುವುದು ಸರಿ. ಒಟ್ಟು ಖರ್ಚು 35,000ದಿಂದ 45,000. ಗೇರ್‌ಬಾಕ್ಸ್ ಬಿಚ್ಚಿಸುವ ಕೆಲಸ ಬಂದರೆ ಅದು ಲಕ್ಷಗಳ ಮಾತು.

ಇಂಜಿನ್ ಆಯಿಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ: ಬಿಎಂಡಬ್ಲ್ಯುವಿನ ಎಲ್‌ಎಲ್-04 ಗುರುತಿನ 5ಡಬ್ಲ್ಯು-30, 5.2 ಲೀಟರ್, ಹತ್ತು ಸಾವಿರ ಕಿಲೋಮೀಟರಿಗೊಮ್ಮೆ. ಮೀಟರ್ ತೋರಿಸುವ ದೊಡ್ಡ ಅವಧಿಯನ್ನು ನೆಚ್ಚಬೇಡಿ, ಚೈನಿನ ಆಯುಷ್ಯ ಇದರಲ್ಲೇ ಇದೆ.

ನಮ್ಮ ಭಾಗದಲ್ಲಿ ಈ ಕಾರುಗಳನ್ನು ಹೆಚ್ಚು ಕಾಡುವುದು ಧೂಳು ಮತ್ತು ನೀರು. ಸೇಡಂ, ವಾಡಿ, ಶಹಾಬಾದ್ ಕಡೆ ಓಡುವ ಕಾರಿನ ಎಸಿ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವೆ ಸಿಮೆಂಟ್ ಧೂಳು, ತೊಗರಿ ರಾಶಿಯ ಹೊಟ್ಟು ಸೇರಿಕೊಳ್ಳುತ್ತದೆ. ನೇರವಾಗಿ ನೀರು ಹೊಡೆದರೆ ಸಿಮೆಂಟ್ ಅಲ್ಲೇ ಗಟ್ಟಿಯಾಗುತ್ತದೆ. ಮೊದಲು ಒಣ ಗಾಳಿ, ಅದೂ ಇಂಜಿನ್ ಕಡೆಯಿಂದ ಹೊರಕ್ಕೆ. ಆಮೇಲೆ ಕಡಿಮೆ ಒತ್ತಡದ ನೀರು. ಕೂಲಂಟ್ ಕಡಿಮೆಯಾದರೆ ಬೋರಿನ ನೀರು ಹಾಕಲೇಬಾರದು. ನಮ್ಮದು ಸುಣ್ಣಕಲ್ಲಿನ ನೆಲ, ನೀರಿನ ಸುಣ್ಣ ರೇಡಿಯೇಟರಿನ ಸಣ್ಣ ನಾಳಗಳಲ್ಲಿ ಕಟ್ಟಿಕೊಳ್ಳುತ್ತದೆ. ನೀಲಿ ಬಣ್ಣದ ಜಿ48 ಕೂಲಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ. ಕೂಲಂಟಿನ ಪ್ಲಾಸ್ಟಿಕ್ ಟ್ಯಾಂಕ್ ಹಳದಿಯಾಗಿ ಜೋಡಣೆಯ ಗೆರೆಯಲ್ಲಿ ಬಿರುಕು ಬಿಡುತ್ತದೆ. ಸೋರುವವರೆಗೆ ಕಾಯದೆ ಮುಚ್ಚಳ, ಥರ್ಮೋಸ್ಟಾಟ್ ಸಮೇತ ಬದಲಿಸಿದರೆ ಹದಿನೈದು-ಇಪ್ಪತ್ತು ಸಾವಿರದೊಳಗೆ ಮುಗಿಯುತ್ತದೆ. ಕುದಿಸಿಕೊಂಡು ಇಂಜಿನ್ ಹೆಡ್ ಬಾಗಿದರೆ ಅದರ ಹತ್ತು ಪಟ್ಟು.

ಸನ್‌ರೂಫ್ ಇದ್ದರೆ ಜೂನ್ ಮಳೆಗೆ ಮುಂಚೆ ಅದರ ಮೂಲೆಗಳಲ್ಲಿ ಒಂದೊಂದು ಲೋಟ ನೀರು ಹಾಕಿ ನೋಡಿ. ನೀರು ಕಾರಿನ ಕೆಳಗೆ ಬೀಳಬೇಕು. ಬೀಳದಿದ್ದರೆ ಎರೆಮಣ್ಣು ಪೈಪಿನಲ್ಲಿ ಕೂತಿದೆ. ತೆಳ್ಳನೆಯ ನೈಲಾನ್ ದಾರ ತೂರಿಸಿ ಬಿಡಿಸಿ, ಕಂಪ್ರೆಸರ್ ಗಾಳಿ ಹೊಡೆಯಬೇಡಿ. ಪೈಪ್ ಒಳಗೆ ಕಳಚಿಕೊಂಡರೆ ನೀರು ಕಾರ್ಪೆಟ್ಟಿಗೆ ಇಳಿದು ವೈರಿಂಗ್ ಹಾಳಾಗುತ್ತದೆ.

ಬ್ಯಾಟರಿ ಡಿಕ್ಕಿಯಲ್ಲಿದೆ. ಎಜಿಎಂ (ಆಸಿಡ್ಡನ್ನು ಗಾಜಿನ ನಾರಿನ ಹಾಳೆ ಹೀರಿಕೊಂಡಿರುವ) ಬ್ಯಾಟರಿಯೇ ಬೇಕು, 25,000ದಿಂದ 30,000. ಸ್ಕ್ಯಾನರಿನಿಂದ ಹೊಸ ಬ್ಯಾಟರಿಯನ್ನು ಕಾರಿಗೆ ನೋಂದಾಯಿಸದಿದ್ದರೆ ಹಳೆಯ ಬ್ಯಾಟರಿಯ ಲೆಕ್ಕದಲ್ಲೇ ಚಾರ್ಜ್ ಮಾಡುತ್ತದೆ, ಹೊಸದರ ಆಯುಷ್ಯ ಕಡಿಮೆಯಾಗುತ್ತದೆ. ಇಂಜಿನಿನ ಬೆಲ್ಟ್ ತಿರುಗಿಸುವ ಕ್ರ್ಯಾಂಕ್ ಪುಲ್ಲಿಯ ರಬ್ಬರ್ ಬಿರುಕು ಬಿಟ್ಟಿದೆಯೇ ಎಂದು ಬೆಲ್ಟ್ ಬದಲಿಸುವಾಗ ನೋಡಿಸಿ. ಪುಲ್ಲಿಗೆ ಹದಿನೈದು-ಇಪ್ಪತ್ತೈದು ಸಾವಿರ.

ಸಸ್ಪೆನ್ಷನ್‌ನಲ್ಲಿ ಚಕ್ರ ಹಿಡಿದಿಡುವ ಮುಂದಿನ ಆರ್ಮುಗಳ ರಬ್ಬರ್ ಬುಷ್ ಮೊದಲು ಹೋಗುತ್ತವೆ. ಬ್ರೇಕ್ ಹಾಕಿದಾಗ ಸ್ಟೀರಿಂಗ್ ನಡುಗುವುದು ಅದರ ಗುರುತು. ಒಂದು ಆರ್ಮಿಗೆ ಎಂಟರಿಂದ ಹದಿನೈದು ಸಾವಿರ. ಎರಡೂ ಕಡೆ ಒಟ್ಟಿಗೆ ಹಾಕಿಸಿ, ಅಲೈನ್‌ಮೆಂಟ್ ಮಾಡಿಸಿ.

ರನ್‌ಫ್ಲಾಟ್ ಟೈರ್ ಪಂಕ್ಚರ್ ಆದ ಮೇಲೆ 80 ಕಿಲೋಮೀಟರ್ ವೇಗದೊಳಗೆ ಸುಮಾರು 80 ಕಿಲೋಮೀಟರ್ ಓಡುತ್ತದೆ. ಸೊಲ್ಲಾಪುರವೇ ಅದಕ್ಕಿಂತ ದೂರ, ಹೈದರಾಬಾದ್ ಅಂತೂ ಇನ್ನೂರು ದಾಟುತ್ತದೆ. ಒಂದಕ್ಕೆ ಇಪ್ಪತ್ತು ಸಾವಿರದ ಆಸುಪಾಸು ಕೊಡುವ ಬದಲು 225/55 ಆರ್17 ಅಳತೆಯ ಸಾಮಾನ್ಯ ಟೈರ್ ಹಾಕಿಸಿದರೆ ದುಡ್ಡೂ ಉಳಿಯುತ್ತದೆ, ಗುಂಡಿಗಳ ಹೊಡೆತವೂ ಕಡಿಮೆ. ಆಗ ಡಿಕ್ಕಿಯಲ್ಲಿ ಸ್ಟೆಪ್ನಿ, ಜಾಕ್, 17 ಎಂಎಂ ಪಾನಾ ಇರಲೇಬೇಕು.