ಅಡವಿ ಪ್ರಾಣಿಗೆ ನೀರಿನ ತಾಟು ಕಟ್ಟುವುದು ಹೇಗೆ?

ಬೇಸಿಗೆಯಲ್ಲಿ ಪುಣ್ಯಕ್ಕೆಂದು ಕಟ್ಟಿಸಿದ ತೊಟ್ಟಿಯಲ್ಲೇ ಮೊಲ, ಮುಂಗುಸಿ, ನವಿಲಿನ ಮರಿ ಮುಳುಗಿ ಸಾಯುವುದುಂಟು. ದನದ ದೋಣಿಯ ಹಾಗೆ ಗೋಡೆ ನೆಟ್ಟಗೆ ಎಬ್ಬಿಸಿದರೆ ಬಿದ್ದ ಜೀವ ಹತ್ತಿ ಬರಲಾರದು. ಬಾಗಲಕೋಟೆ ಜಿಲ್ಲೆಯ ಬೀಳಗಿ, ಮುಧೋಳ ಕಡೆಯ ಮಡ್ಡಿಗೆ, ಅಂದರೆ ಕಲ್ಲುನೆಲಕ್ಕೆ, ಒಪ್ಪುವುದು ಊಟದ ತಾಟಿನಂಥ ಹೊಂಡ.

ಈ ಎರಡು ತಾಲ್ಲೂಕುಗಳಲ್ಲಿ ಹರಡಿರುವ, 2016ರಲ್ಲಿ ಘೋಷಣೆಯಾದ ಯಡಹಳ್ಳಿ ಚಿಂಕಾರ (ಸಣ್ಣ ಹುಲ್ಲೆ) ವನ್ಯಜೀವಿ ಧಾಮದಂಥ ಕಡೆ ಅರಣ್ಯ ಇಲಾಖೆಯ ಒಪ್ಪಿಗೆ ಇಲ್ಲದೆ ಸಲಿಕೆ ಹಾಕುವಂತಿಲ್ಲ. ಅಡವಿಗೆ ಹತ್ತಿದ ಸ್ವಂತ ಹೊಲವಾದರೂ ಮೊದಲು ಇಲಾಖೆಯವರ ಕಿವಿಗೆ ಹಾಕಿ.

ಜಾಗ ಗರಸು (ಸಣ್ಣ ಕಲ್ಲು ಬೆರೆತ) ಮಣ್ಣಿನದಾಗಿರಲಿ. ಎರೆಭೂಮಿ ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುತ್ತದೆ. ಮೇಲಿನ ಕಾಂಕ್ರೀಟೂ ಅದರ ಜೊತೆಗೇ ಸೀಳುತ್ತದೆ. ಹಳ್ಳದ ಪಾತ್ರದಲ್ಲಿ ಕಟ್ಟಿದರೆ ಮೊದಲ ಮಳೆಗೇ ಹೂಳು. ಊರು, ರಸ್ತೆ, ಕುರಿದೊಡ್ಡಿಯಿಂದ ದೂರವಿರಬೇಕು. ಸುತ್ತ ಹತ್ತು ಹದಿನೈದು ಮೀಟರ್ ಪೊದೆ ಸವರಿ, ಇಲ್ಲದಿದ್ದರೆ ಹೊಂಚು ಹಾಕುವ ಪ್ರಾಣಿಗೆ ಅದೇ ಮರೆಯಾಗುತ್ತದೆ.

ನಡುವೆ ಗೂಟ ಹೊಡೆದು, 1.8 ಮೀಟರ್ ಹಗ್ಗದಿಂದ ವೃತ್ತ ಎಳೆಯಿರಿ. ಇದರಲ್ಲಿ 3 ಮೀಟರ್ ಅಗಲ ನೀರಿಗೆ, ಉಳಿದದ್ದು ಅಂಚಿಗೆ. ನೀರಿನ ಆಳ ನಡುವೆ 45 ಸೆಂ.ಮೀ. ಸಾಕು. ಕೆಳಗೆ 10 ಸೆಂ.ಮೀ. ಗರಸು ಬಡಿದು ಕೂರಿಸಿ, ಮೇಲೆ 10 ಸೆಂ.ಮೀ. ಕಾಂಕ್ರೀಟು ಬರಬೇಕಾದ್ದರಿಂದ ನಡುವೆ ಅಗೆಯುವುದು 65 ಸೆಂ.ಮೀ. ಮೂರು ಅಡಿ ನಡೆದರೆ ಹೆಚ್ಚೆಂದರೆ ಒಂದು ಅಡಿ ಇಳಿಯಬೇಕು, ಅದಕ್ಕಿಂತ ಕಡಿದು ಬೇಡ. ಈ ಹೊಂಡ ಹಿಡಿಯುವುದು ಸಾವಿರ ಲೀಟರ್ ಚಿಲ್ಲರೆ.

ಸಾಮಾನು: ಸಿಮೆಂಟು 8 ಚೀಲ, ಉಸುಕು ಅರ್ಧ ಘನ ಮೀಟರಿಗಿಂತ ತುಸು ಹೆಚ್ಚು, 20 ಮಿ.ಮೀ. ಕಡಿ (ಜಲ್ಲಿ) ಒಂದು ಘನ ಮೀಟರ್ ಮೇಲೆ ಸ್ವಲ್ಪ, 8 ಮಿ.ಮೀ. ಸರಳು 40–45 ಕೆ.ಜಿ. ಸಿಮೆಂಟು, ಉಸುಕು, ಕಡಿಯ ಅಳತೆ 1:2:4. ಸರಳನ್ನು 20 ಸೆಂ.ಮೀ.ಗೊಂದು ಜಾಳಿಗೆಯಾಗಿ ಕಟ್ಟಿ, ಕೆಳಗೆ ಕಲ್ಲುಚೂರು ಕೊಟ್ಟು ಎತ್ತಿ ಇಡಿ. ಮಣ್ಣಿಗೆ ತಾಗಿದರೆ ತುಕ್ಕು ಹಿಡಿಯುತ್ತದೆ. ಅಂಚು ಸುತ್ತ 15 ಸೆಂ.ಮೀ. ನೆಲದೊಳಗೆ ಮಡಚಿ ಇಳಿಯಲಿ, ಹೊರಗೆ ಒಂದು ಮೀಟರ್ ಕಲ್ಲು ಹಾಸಿ. ಹಾಸದಿದ್ದರೆ ಗೊರಸು ತುಳಿದು ಅಂಚಿನಡಿಯ ಮಣ್ಣು ಜಾರುತ್ತದೆ, ಅಂಚು ಮುರಿಯುತ್ತದೆ. ಹೆಚ್ಚು ಹೊಂಡಗಳು ಕೆಡುವುದು ಇಲ್ಲಿಂದಲೇ.

ಕಾಂಕ್ರೀಟು ಒಂದೇ ದಿನ ಮುಗಿಯಬೇಕು. ನಿನ್ನೆಯದಕ್ಕೆ ಇವತ್ತಿನದು ಸೇರಿದ ಗೆರೆಯಲ್ಲೇ ನೀರು ಸೋರುತ್ತದೆ. ಗೌಂಡಿ ಕೈಚಳಕ ತೋರಿಸಿ ನುಣುಪಾಗಿ ಒರೆಸಲು ಹೊರಟರೆ ತಡೆಯಿರಿ. ಹಸಿ ಇರುವಾಗಲೇ ಕಸಬರಿಗೆಯಿಂದ ಅಡ್ಡಡ್ಡ ಗೀರಿದರೆ ಗೊರಸಿಗೆ ಹಿಡಿತ ಸಿಗುತ್ತದೆ. ನಾಲ್ಕಾರು ಒರಟು ಕಲ್ಲನ್ನು ಅರ್ಧ ಹುದುಗಿಸಿಡಿ. ಜೇನುನೊಣ, ಸಣ್ಣ ಹಕ್ಕಿ ಅದರ ಮೇಲೆ ಕೂತು ನೀರು ಕುಡಿಯುತ್ತವೆ. ಹದಿನಾಲ್ಕು ದಿನ ಒದ್ದೆ ಗೋಣಿತಟ್ಟು ಹೊದಿಸಿ. ಹೊಸ ಸಿಮೆಂಟಿನ ನೀರು ಕ್ಷಾರ. ಎರಡು ಸಲ ತುಂಬಿ, ಮೂರು ಮೂರು ದಿನ ಬಿಟ್ಟು ಚೆಲ್ಲಿದ ಮೇಲಷ್ಟೇ ಬಳಕೆಗೆ.

ಏಪ್ರಿಲ್–ಮೇ ಬಿಸಿಲಿಗೆ ದಿನಕ್ಕೆ ಸೆಂಟಿಮೀಟರಿನಷ್ಟು ನೀರು ಆವಿಯಾಗುವುದು ಸಹಜ, ತುಂಬಿದ ಹೊಂಡದಲ್ಲಿ ಅದು 70 ಲೀಟರ್. ಸೋರಿಕೆಯೋ ಆವಿಯೋ ತಿಳಿಯದಿದ್ದರೆ ಒಂದು ಬಕೆಟ್ಟಿಗೆ ನೀರು ತುಂಬಿ, ಕಲ್ಲು ಹೇರಿ ಹೊಂಡದೊಳಗೇ ಇಟ್ಟು, ಎರಡೂ ಕಡೆ ಗುರುತು ಹಾಕಿ, ಯಾವ ಪ್ರಾಣಿಯೂ ಬರದಂತೆ ಒಂದು ದಿನ ಕಾಯಿರಿ. ಹೊಂಡ ಬಕೆಟ್ಟಿಗಿಂತ ಹೆಚ್ಚು ಇಳಿದರೆ ಎಲ್ಲೋ ಬಿರುಕಿದೆ.

ಔಷಧಿ ಹೊಡೆದ ಟ್ಯಾಂಕಿನಲ್ಲಿ ನೀರು ತರಬೇಡಿ, ಎಷ್ಟು ತೊಳೆದರೂ. ಬೋರಿನ ನೀರು ಸವುಳಾಗಿದ್ದರೆ ಮೇಲಿಂದ ಮೇಲೆ ತುಂಬಿದಷ್ಟೂ ಉಪ್ಪು ಗಟ್ಟಿಯಾಗುತ್ತದೆ. ಹದಿನೈದು ದಿನಕ್ಕೊಮ್ಮೆ ನೀರನ್ನು ಪೂರ್ತಿ ಹೊರಚೆಲ್ಲಿ, ಪಾಚಿಯನ್ನು ಬರೀ ಕಸಬರಿಗೆಯಿಂದ ಉಜ್ಜಿ. ಚಿಂಕಾರ ಎಲೆಯ ತೇವದಲ್ಲೇ ಬಹಳ ದಿನ ತಳ್ಳುವ ಪ್ರಾಣಿ. ಹಾಗಾಗಿ ಫೆಬ್ರುವರಿ ಕೊನೆಯಿಂದ ಮುಂಗಾರು ಹಿಡಿಯುವ ತನಕ ತುಂಬಿದರೆ ಸಾಕು.

ಅಂಚಿನ ಕಲ್ಲಿನಾಚೆ ಒಂದು ಮಾರು ಅಗಲ ಜರಡಿ ಹಿಡಿದ ಮಣ್ಣು ಉದುರಿಸಿಡಿ. ಬೆಳಗ್ಗೆ ಯಾರು ಬಂದಿದ್ದರೆಂದು ಹೆಜ್ಜೆಯೇ ಹೇಳುತ್ತದೆ. ಸುತ್ತ ಉರುಲಿನ ತಂತಿ ಇದೆಯೇ ಎಂದೂ ನೋಡಿ. ಊರ ನಾಯಿಗಳ ಹೆಜ್ಜೆಯೇ ದಿನಾ ಕಂಡರೆ ಅಲ್ಲಿಗೆ ನೀರು ಹಾಕುವುದನ್ನು ನಿಲ್ಲಿಸಿ, ಇನ್ನೂ ಒಳಗೆ ಬೇರೆ ಜಾಗ ಹುಡುಕಬೇಕು.