ಷವರ್ ನೀರಿನ ಹದ ಕೆಡದಂತೆ ನಾನು ಮಾಡಿಕೊಂಡದ್ದು

ಮೈಸೂರಿನ ನಮ್ಮ ಮನೆಯಲ್ಲಿ ಬಿಸಿನೀರಿಗೆ ಬರವಿರಲಿಲ್ಲ. ಒಳ್ಳೆ ಬಿಸಿಲಿದ್ದರೆ ತಾರಸಿಯ ಸೋಲಾರ್‌ನಲ್ಲಿ ಸಂಜೆಗೆ ನೀರು 60 ಡಿಗ್ರಿ ಮುಟ್ಟುತ್ತದೆ. ತಕರಾರೆಲ್ಲ ಹದದ್ದು. ತಲೆಗೆ ಶಾಂಪೂ ಹಚ್ಚಿಕೊಂಡು ನಿಂತಾಗಲೇ ಪಕ್ಕದಲ್ಲಿ ಯಾರೋ ಫ್ಲಶ್ ಒತ್ತುತ್ತಾರೆ, ಇಲ್ಲಿ ಬೆನ್ನು ಚುರ್ ಅನ್ನುತ್ತದೆ. ಪ್ಲಂಬರ್ ಬಿಸಿನೀರು-ತಣ್ಣೀರು ಬೆರಸುವ ನಲ್ಲಿ, ಅಂದರೆ ಮಿಕ್ಸರ್ ಬದಲಿಸಿಕೊಟ್ಟರು. ಹೊಸದೂ ಹಾಗೇ ಮಾಡಿತು.

ತಾರಸಿ ಹತ್ತಿ ಪೈಪುಗಳ ಜಾಡು ಹಿಡಿದೆ. ಸೋಲಾರ್ ನೀರು ತನ್ನದೇ ಪೈಪಿನಲ್ಲಿ ನೇರ ಷವರಿಗೆ ಬರುತ್ತಿತ್ತು. ತಣ್ಣೀರಿನ ಪೈಪು ಮಾತ್ರ ಫ್ಲಶ್, ವಾಷ್ ಬೇಸಿನ್, ವಾಷಿಂಗ್ ಮಷೀನ್ ಎಲ್ಲಕ್ಕೂ ಒಂದೇ. ಟ್ಯಾಂಕಿನಿಂದ ತಾನಾಗಿ ಇಳಿಯುವ ನೀರಿಗೆ ಒತ್ತಡವೇ ಕಡಿಮೆ: ಹತ್ತು ಮೀಟರ್ ಎತ್ತರವಿದ್ದರೆ ಸುಮಾರು ಒಂದು ಬಾರ್. ಮೇಲಿನ ಮಹಡಿಗೆ ಅದರ ಕಾಲುಭಾಗ ಸಿಕ್ಕಿದರೆ ಹೆಚ್ಚು. ಇಷ್ಟರಲ್ಲಿ ಇನ್ನೊಂದು ನಲ್ಲಿ ತೆರೆದರೆ ತಣ್ಣೀರು ಸೋಲುತ್ತದೆ, ಬಿಸಿನೀರು ಗೆಲ್ಲುತ್ತದೆ.

ಲೆಕ್ಕ ಹಾಕಿ ನೋಡಿ. ಮೈಗೆ ಹಿತವಾಗುವುದು 39 ಡಿಗ್ರಿ ಆಸುಪಾಸು. 60 ಡಿಗ್ರಿ ನೀರಿಗೆ 22 ಡಿಗ್ರಿಯ ತಣ್ಣೀರು ಬೆರಸಿ ಆ ಹದಕ್ಕೆ ತಂದಿರುವಾಗ ತಣ್ಣೀರು ಅರ್ಧಕ್ಕಿಳಿದರೆ ಷವರ್ 45 ದಾಟುತ್ತದೆ. ಬಿಸಿನೀರೇ 45 ಡಿಗ್ರಿಯದಾಗಿದ್ದರೆ ಅದೇ ಏರುಪೇರಿಗೆ 41-42ರಲ್ಲಿ ನಿಲ್ಲುತ್ತದೆ. ಕಡಿಮೆ ಬೆರಸಿದಷ್ಟೂ ಹದ ಗಟ್ಟಿ. ಮೋಡದ ದಿನಗಳಿಗೆಂದು ಇಟ್ಟಿರುವ ಗೀಸರಿನ ಥರ್ಮೋಸ್ಟ್ಯಾಟನ್ನು (ಬಿಸಿ ಎಷ್ಟಿರಬೇಕೆಂದು ಹೊಂದಿಸುವ ತಿರುಗುಣಿ) ಅದಕ್ಕೇ ಸ್ನಾನದ ಹೊತ್ತಿಗೆ ಇಳಿಸಿಕೊಳ್ಳುತ್ತೇನೆ. ಸದಾ ಹಾಗೇ ಬಿಡುವುದಿಲ್ಲ; ಉಗುರುಬೆಚ್ಚನೆಯ ನೀರು ತುಂಬ ದಿನ ನಿಂತರೆ ಬ್ಯಾಕ್ಟೀರಿಯಾ ಬೆಳೆಯುತ್ತದೆ.

ಸೋಲಾರಿಗೆ ಆ ತಿರುಗುಣಿ ಇಲ್ಲವಲ್ಲ! ಹಾಗಾಗಿ ಟ್ಯಾಂಕಿನಿಂದ ಷವರುಗಳಿಗೆಂದೇ ಬೇರೆ ಮುಕ್ಕಾಲು ಇಂಚಿನ ತಣ್ಣೀರು ಲೈನ್ ಎಳೆಸಿದೆ. ಗೋಡೆ ಒಡೆಯುವುದು ಬೇಡವೆಂದು ಹೊರಗಿನಿಂದಲೇ ಇಳಿಸಿದ್ದು. ನೋಡಲು ಚೆಂದವಿಲ್ಲ, ಇರಲಿ. ಮುಕ್ಕಾಲುಪಾಲು ಸಮಸ್ಯೆ ಅಲ್ಲಿಗೇ ಮುಗಿಯಿತು. ಮಿಕ್ಸರಿನ ಎರಡೂ ಬದಿಗೆ ಎನ್‌ಆರ್‌ವಿ (ನೀರು ಹಿಂದಕ್ಕೆ ಹರಿಯದಂತೆ ತಡೆಯುವ ವಾಲ್ವ್) ಹಾಕಿಸಿದ್ದರಿಂದ ಒಂದು ಬದಿಯ ನೀರು ಇನ್ನೊಂದರೊಳಗೆ ನುಗ್ಗುವುದೂ ನಿಂತಿತು. ಮಕ್ಕಳ ಬಾತ್‌ರೂಮಿಗೆ ಹದವನ್ನು ತಾನೇ ಕಾಯ್ದುಕೊಳ್ಳುವ ಥರ್ಮೋಸ್ಟ್ಯಾಟಿಕ್ ಮಿಕ್ಸರ್ ಕೂರಿಸಿದೆ. ಕೊಳ್ಳುವಾಗ ಎಷ್ಟು ಕನಿಷ್ಠ ಒತ್ತಡ ಬೇಕೆಂದು ಕೇಳಲೇಬೇಕು. ಪ್ರೆಷರ್ ಪಂಪ್ ಇಲ್ಲದ ಮನೆಯಲ್ಲಿ ಹಲವು ಮಾದರಿಗಳು ಸರಿಯಾಗಿ ಕೆಲಸ ಮಾಡುವುದಿಲ್ಲ. ಅಮ್ಮ ಮಾತ್ರ ಇದ್ಯಾವುದನ್ನೂ ಒಪ್ಪಿಲ್ಲ. ಅವರಿಗೆ ಬಕೆಟ್ಟು, ಚೊಂಬು, ಕೈ ಅದ್ದಿ ನೋಡುವುದು. ಅವರ ಹದ ಎಂದೂ ತಪ್ಪಿದ್ದಿಲ್ಲ, ನಿಜ.

ಬೋರ್‌ವೆಲ್ ನೀರಿನವರು ಷವರಿನ ತಲೆಯನ್ನು ಆಗಾಗ ಬಿಚ್ಚಿ ವಿನೆಗರಿನಲ್ಲಿ ನೆನೆಹಾಕಬೇಕು. ತೂತುಗಳಲ್ಲಿ ಸುಣ್ಣ ಕಟ್ಟಿದರೆ ಹರಿವು ಸಣ್ಣಗಾಗಿ ಹದ ಮತ್ತೆ ಓಲಾಡುತ್ತದೆ. ಮೊದಲು ಬರುವ ತಣ್ಣನೆಯ ನೀರಿಗೆ ಬೈಯಬೇಡಿ: ಹದಿನೈದು ಮೀಟರ್ ಪೈಪಿನಲ್ಲೇ ಮೂರೂವರೆ-ನಾಲ್ಕು ಲೀಟರ್ ನಿಂತಿರುತ್ತದೆ. ಅದನ್ನು ಬಕೆಟ್ಟಿಗೆ ಹಿಡಿದು ನೆಲ ಒರೆಸಲು ಇಟ್ಟುಕೊಳ್ಳುತ್ತೇವೆ. ಏಪ್ರಿಲ್ ಮಧ್ಯಾಹ್ನದಲ್ಲಂತೂ ಕಪ್ಪು ಟ್ಯಾಂಕಿನ ತಣ್ಣೀರೇ ಕಾದಿರುತ್ತದೆ. ಅದಕ್ಕೆ ಯಾವ ಮಿಕ್ಸರೂ ಮದ್ದಲ್ಲ, ಬೆಳಗ್ಗೆಯೇ ಸ್ನಾನ ಮುಗಿಸಿ.