ಸಿಇಟಿ ರ್‍ಯಾಂಕ್ ಬಂತು. ಬಯಸಿದ ಕಾಲೇಜು ಸಿಗುತ್ತದೆಯೇ ಎಂದು ಅಂದಾಜಿಸುವುದು ಹೇಗೆ?

ಕೆಲವು ವರ್ಷಗಳ ಹಿಂದೆ ನನ್ನ ಭೌತವಿಜ್ಞಾನ ತರಗತಿಯ ಹುಡುಗಿಯೊಬ್ಬಳು ಫಲಿತಾಂಶದ ಪ್ರಿಂಟ್ ಹಿಡಿದು ಬಂದಳು. ‘ಸರ್, ಯುವಿಸಿಇ ಆಗಲ್ಲ, ಕಟಾಫ್ ನೋಡಿಬಿಟ್ಟೆ’ ಅಂದಳು. ಯುವಿಸಿಇ ಬೆಂಗಳೂರಿನ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು; ಕಟಾಫ್ ಎಂದರೆ ಅಲ್ಲಿ ಕೊನೆಯ ಸೀಟು ಸಿಕ್ಕವರ ರ್‍ಯಾಂಕ್. ಅವಳು ನೋಡಿದ್ದು ಜಿಎಂ, ಅಂದರೆ ಎಲ್ಲರಿಗೂ ತೆರೆದ ಸಾಮಾನ್ಯ ಅರ್ಹತೆಯ ಕಾಲಂ ಒಂದನ್ನೇ. ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಹತ್ತನೇ ತರಗತಿವರೆಗೂ ಕನ್ನಡದಲ್ಲೇ ಓದಿದವಳು, ಹಿಂದುಳಿದ ವರ್ಗಗಳ 2ಎ ಪ್ರವರ್ಗದವಳು. ಅವಳಿಗೆ ಅನ್ವಯಿಸುವ ಇನ್ನೂ ಐದು ಕಾಲಂಗಳು ಅದೇ ಸಾಲಿನಲ್ಲಿದ್ದವು. ಯಾರೂ ತೋರಿಸಿಕೊಟ್ಟಿರಲಿಲ್ಲ. ಪ್ರತಿವರ್ಷ ಇಂಥ ಮಕ್ಕಳು ಸಿಗುತ್ತಾರೆ, ಹಾಗಾಗಿ ಈ ಲೇಖನ.

ಮೊದಲು: ಅಂಕ ಬಿಡಿ, ರ್‍ಯಾಂಕ್ ಹಿಡಿಯಿರಿ

ಎಂಜಿನಿಯರಿಂಗ್ ರ್‍ಯಾಂಕ್‌ಗೆ ಪಿಯುಸಿಯ ಭೌತ, ರಸಾಯನ ಮತ್ತು ಗಣಿತದ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಪಿಯುಸಿಯಲ್ಲಿ ಮುನ್ನೂರಕ್ಕೆ 270 ಬಂದಿದ್ದರೆ ಐವತ್ತಕ್ಕೆ 45. ಸಿಇಟಿಯಲ್ಲಿ 180ಕ್ಕೆ 99 ಬಂದಿದ್ದರೆ ಐವತ್ತಕ್ಕೆ 27.5. ಒಟ್ಟು 72.5. ಆದರೆ ‘ಹೋದ ವರ್ಷ ಅಕ್ಕನಿಗೆ ಇಷ್ಟೇ ಅಂಕ ಬಂದಿತ್ತು, ಸೀಟು ಸಿಕ್ಕಿತ್ತು’ ಎಂಬ ಲೆಕ್ಕ ನಡೆಯುವುದಿಲ್ಲ. ಪ್ರಶ್ನೆಪತ್ರಿಕೆ ವರ್ಷಕ್ಕೊಂದು ಥರ. 2024ರಲ್ಲಂತೂ ನಾಲ್ಕೂ ವಿಷಯ ಸೇರಿ ಪಠ್ಯಕ್ರಮದ ಹೊರಗಿನ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದಲೇ ಕೈಬಿಟ್ಟರು. ಎರಡು ವರ್ಷಗಳನ್ನು ಹೋಲಿಸಲು ಹೆಚ್ಚು ನಂಬಬಹುದಾದದ್ದು ರ್‍ಯಾಂಕ್.

ನಂತರ: ನಿಮ್ಮ ಕಾಲಂಗಳು ಎಷ್ಟು, ಎಣಿಸಿ

ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಹಿಂದಿನ ವರ್ಷಗಳ ಕಟಾಫ್ ಪಟ್ಟಿಯನ್ನು ತನ್ನ ಜಾಲತಾಣದಲ್ಲಿ ಹಾಕುತ್ತದೆ. ಪ್ರತಿ ಕಾಲೇಜಿನ ಪ್ರತಿ ಕೋರ್ಸ್‌ನ ಮುಂದೆ 1ಜಿ, 2ಎಜಿ, 2ಎಕೆ, 2ಎಆರ್, ಜಿಎಂ, ಜಿಎಂಕೆ, ಜಿಎಂಆರ್ ಎಂದು ಸಾಲಾಗಿ ಕೋಡ್‌ಗಳಿರುತ್ತವೆ. ಮೊದಲ ಭಾಗ ಪ್ರವರ್ಗ. ಕೊನೆಯಲ್ಲಿ ‘ಜಿ’ ಇದ್ದರೆ ಆ ಪ್ರವರ್ಗದ ಸಾಮಾನ್ಯ ಸೀಟು, ‘ಆರ್’ ಇದ್ದರೆ ಗ್ರಾಮೀಣ ಮೀಸಲು, ‘ಕೆ’ ಇದ್ದರೆ ಕನ್ನಡ ಮಾಧ್ಯಮದ ಮೀಸಲು. ಒಂದರಿಂದ ಹತ್ತನೇ ತರಗತಿವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳ ಅರ್ಹರಿಗೆ ಸಂವಿಧಾನದ 371ಜೆ ವಿಧಿಯ ಅಡಿ ಪ್ರತ್ಯೇಕ ಪಟ್ಟಿಯೇ ಇದೆ. ಅವರು ಎರಡೂ ಪಟ್ಟಿ ನೋಡಬೇಕು.

ನನ್ನ ವಿದ್ಯಾರ್ಥಿನಿಗೆ ಜಿಎಂ, ಜಿಎಂಆರ್, ಜಿಎಂಕೆ, 2ಎಜಿ, 2ಎಆರ್, 2ಎಕೆ, ಆರೂ ಅನ್ವಯ. ಆರರಲ್ಲಿ ಎಲ್ಲಿ ಕೊನೆಯ ರ್‍ಯಾಂಕ್ ದೊಡ್ಡದಿದೆಯೋ ಅದೇ ಅವಳ ಬಾಗಿಲು. ಆದರೆ ಈ ಮೀಸಲಾತಿಯನ್ನು ಅರ್ಜಿಯಲ್ಲೇ ಕೇಳಿರಬೇಕು, ದಾಖಲೆ ಪರಿಶೀಲನೆಯಲ್ಲಿ ಅದು ಒಪ್ಪಿತವಾಗಿರಬೇಕು. ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ ತರುವುದನ್ನು ಕೊನೇ ದಿನಕ್ಕೆ ಬಿಟ್ಟು ಹಕ್ಕು ಕಳೆದುಕೊಂಡವರನ್ನು ಕಂಡಿದ್ದೇನೆ. ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ.

‘ಕೆ’ ಕಾಲಂ ಬಗ್ಗೆ ಒಂದು ಎಚ್ಚರಿಕೆ. 60 ಸೀಟಿನ ಕೋರ್ಸ್‌ನಲ್ಲಿ ಶೇ 5 ಎಂದರೆ ಮೂರೇ ಸೀಟು, ಅದೂ ಎಲ್ಲ ಪ್ರವರ್ಗಗಳಿಗೆ ಸೇರಿ. ಒಬ್ಬ ವಿದ್ಯಾರ್ಥಿ ಬೇರೆ ಕಡೆ ಹೋದರೆ ಸಾಕು, ಆ ಅಂಕಿ ಸಾವಿರಗಟ್ಟಲೆ ಅತ್ತಿತ್ತ ಜಿಗಿಯುತ್ತದೆ. ಒಂದೇ ವರ್ಷದ ಅಂಕಿ ನೋಡಿ ಆಸೆಯನ್ನೂ ಕಟ್ಟಬೇಡಿ, ಕೈಯನ್ನೂ ಚೆಲ್ಲಬೇಡಿ.

ಈಗ ಹೋಲಿಕೆ

ಕನಿಷ್ಠ ಎರಡು ವರ್ಷದ, ಕೊನೆಯ ಸುತ್ತಿನ ಪಟ್ಟಿ ತೆಗೆದುಕೊಳ್ಳಿ. ಮೊದಲ ಸುತ್ತಿನ ಅಂಕಿ ಬಿಗಿಯಾಗಿರುತ್ತದೆ. ಜೆಇಇ, ಕಾಮೆಡ್-ಕೆಯಂಥ ಬೇರೆ ಪ್ರವೇಶ ಪರೀಕ್ಷೆಗಳ ಮೂಲಕ ಸೀಟು ಪಡೆದವರು ಅಥವಾ ವೈದ್ಯಕೀಯದತ್ತ ಹೋದವರು ಬಿಟ್ಟ ಸೀಟುಗಳು ಮುಂದಿನ ಸುತ್ತಿಗೆ ಬರುವುದರಿಂದ ಕೊನೆಯ ರ್‍ಯಾಂಕ್ ಸಾಮಾನ್ಯವಾಗಿ ಮುಂದಕ್ಕೆ ಸರಿಯುತ್ತದೆ. ಇಲ್ಲಿ ಅಂಕಿ ದೊಡ್ಡದಾದಷ್ಟೂ ಸೀಟು ಸುಲಭ ಎಂಬುದು ನೆನಪಿರಲಿ. ಪಿಯು ಅಂಕಗಳಿಗೆ ಒಗ್ಗಿದ ಪೋಷಕರು ಇದನ್ನು ಉಲ್ಟಾ ಓದಿಬಿಡುತ್ತಾರೆ.

ಒಂದು ಕಾಲ್ಪನಿಕ ಲೆಕ್ಕ: ನಿಮ್ಮ ರ್‍ಯಾಂಕ್ 18,000. ನಿಮ್ಮ ಕಾಲಂನಲ್ಲಿ ಕೋರ್ಸ್ ‘ಅ’ ಎರಡೂ ವರ್ಷ 24,000 ದಾಟಿದೆ ಎಂದಿಟ್ಟುಕೊಳ್ಳಿ, ಅದು ಬಹುತೇಕ ಸಿಗುವಂಥದ್ದು. ಕೋರ್ಸ್ ‘ಆ’ ಒಂದು ವರ್ಷ 16,500ಕ್ಕೆ, ಮರುವರ್ಷ 19,000ಕ್ಕೆ ನಿಂತಿದೆ. ಆಗಲೂಬಹುದು, ಆಗದೆಯೂ ಇರಬಹುದು. ಕೋರ್ಸ್ ‘ಇ’ 6,000ದ ಆಸುಪಾಸು; ಸಿಗುವ ಸಂಭವ ತೀರಾ ಕಡಿಮೆ. ಪೆನ್ಸಿಲ್‌ನಲ್ಲಿ ಹೀಗೆ ಮೂರು ಗುಂಪು ಮಾಡಿ.

ಸೀಟುಗಳ ಸಂಖ್ಯೆ ಬದಲಾಗಿದೆಯೇ ಎಂದೂ ನೋಡಿ. ಉತ್ತಮ ಸಾಧನೆಯ ಕಾಲೇಜುಗಳಿಗೆ ಇದ್ದ ಸೀಟು ಸಂಖ್ಯೆಯ ಮಿತಿಯನ್ನು ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ನಿಯಂತ್ರಕ ಸಂಸ್ಥೆ ಎಐಸಿಟಿಇ 2024-25ರಿಂದ ತೆಗೆದಿದೆ. ಕಂಪ್ಯೂಟರ್ ಸೈನ್ಸ್ ಸೀಟು ಹೆಚ್ಚಿದ ಕಾಲೇಜಿನಲ್ಲಿ ಹಳೆಯ ಕಟಾಫ್ ಅಷ್ಟಕ್ಕಷ್ಟೇ. ಬಿಎಂಎಸ್, ಮೈಸೂರಿನ ಎನ್‌ಐಇ ಥರದ ಕಾಲೇಜುಗಳಲ್ಲಿ ಅನುದಾನಿತ (ಸರ್ಕಾರದ ನೆರವಿನ) ಕೋರ್ಸ್‌ಗಳೂ ಇವೆ, ಶುಲ್ಕ ಕಡಿಮೆ. ಪಟ್ಟಿಯಲ್ಲಿ ಇವು ಬೇರೆಯಾಗಿ ಬರುತ್ತವೆ, ಕಣ್ತಪ್ಪದಿರಲಿ.

ಆಪ್ಷನ್ ಎಂಟ್ರಿ: ಆಸೆಯ ಕ್ರಮದಲ್ಲೇ

ಬೇಕಾದ ಕಾಲೇಜು, ಕೋರ್ಸ್‌ಗಳನ್ನು ಆದ್ಯತೆಯ ಕ್ರಮದಲ್ಲಿ ತುಂಬುವುದೇ ಆಪ್ಷನ್ ಎಂಟ್ರಿ. ಬಹಳ ಮಂದಿ ಎಡವುವುದು ಇಲ್ಲಿ. ‘ಸಿಗದ ಕಾಲೇಜನ್ನು ಮೇಲೆ ಹಾಕಿದರೆ ಸಿಗುವುದೂ ಹೋಗುತ್ತದೆ’ ಎಂಬ ಭಯ ಊರೂರಲ್ಲಿದೆ. ಅದು ತಪ್ಪು. ಕಂಪ್ಯೂಟರ್ ಮೊದಲ ರ್‍ಯಾಂಕ್‌ನಿಂದ ಶುರುಮಾಡಿ ಒಬ್ಬೊಬ್ಬರ ಪಟ್ಟಿಯನ್ನೂ ಮೇಲಿಂದ ಕೆಳಗೆ ನೋಡುತ್ತದೆ. ನಿಮ್ಮ ಸರದಿ ಬಂದಾಗ ಮೊದಲನೆಯದು ಖಾಲಿ ಇಲ್ಲದಿದ್ದರೆ ಎರಡನೆಯದು, ಅದೂ ಇಲ್ಲದಿದ್ದರೆ ಮೂರನೆಯದು. ಮೇಲೆ ‘ಇ’ ಇಟ್ಟದ್ದಕ್ಕೆ ‘ಆ’ ಕೈತಪ್ಪುವುದಿಲ್ಲ. ಆದರೆ ‘ಅ’ವನ್ನು ಮೊದಲು ಇಟ್ಟರೆ ‘ಆ’ ಖಾಲಿ ಇದ್ದರೂ ನಿಮಗೆ ಸಿಗುವುದು ‘ಅ’ವೇ. ಮೂರು ಗುಂಪು ಮಾಡಿದ್ದು ಕ್ರಮ ನಿರ್ಧರಿಸಲಿಕ್ಕಲ್ಲ, ಪಟ್ಟಿ ಸಾಕಷ್ಟು ಕೆಳಗಿನವರೆಗೆ ಹೋಗಿದೆಯೇ ಎಂದು ತಿಳಿಯಲಿಕ್ಕೆ.

ಅಣಕು ಸೀಟು ಹಂಚಿಕೆ ಬಂದಾಗ ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ. ಅದಾದ ಮೇಲೆ ನಿಮ್ಮಂತೆಯೇ ಎಲ್ಲರೂ ಆಪ್ಷನ್ ತಿದ್ದುತ್ತಾರೆ.

ನಿಜವಾದ ಹಂಚಿಕೆಯಲ್ಲಿ ಸೀಟು ಸಿಕ್ಕಿ, ಇನ್ನೂ ಮೇಲಿನದಕ್ಕೆ ಕಾಯಲು ಛಾಯ್ಸ್-2 ಒತ್ತುವವರು ಮುಂದಿನ ಸುತ್ತಿಗೆ ಮುಂಚೆ ತಮ್ಮ ಪಟ್ಟಿಯನ್ನು ಮನೆಯವರೊಂದಿಗೆ ಕೂತು ಮತ್ತೊಮ್ಮೆ ಓದಿ. ಮೇಲಿನ ಯಾವುದೇ ಆಪ್ಷನ್ ಸಿಕ್ಕಿದರೂ ಕೈಯಲ್ಲಿರುವ ಸೀಟು ರದ್ದಾಗುತ್ತದೆ, ವಾಪಸ್ ಬರುವುದಿಲ್ಲ. ಹಾಸ್ಟೆಲ್ ಇಲ್ಲದ ಊರು, ಶುಲ್ಕ ಕಟ್ಟಲಾಗದ ಕಾಲೇಜು ಮೇಲೆ ಉಳಿದಿದ್ದರೆ ಅದನ್ನು ಅಂದೇ ಅಳಿಸಿ.